ಹಳ್ಳಿಕಾರ್ ಹೋರಿ ಉಳಿದರೆ ಸೀಮೆ ಹಸುವಿಗೂ ಬಲ

ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳಬಂದ ರೈತ ಮೊದಲು ನೋಡುವುದು ಹಿಂದಕ್ಕೆ ಬಾಗಿದ ಚೂಪು ಕೊಂಬು, ಉದ್ದ ಮುಖ, ಬಿಗಿಯಾದ ಮೈ, ಗಟ್ಟಿ ಗೊರಸು. ಹಲ್ಲು ಹಿಡಿದು ವಯಸ್ಸು ನೋಡುವುದು ಆಮೇಲೆ. ಈ ಲಕ್ಷಣಗಳು ಒಂದು ಕರುವಿಗೆ ಬಂದು ಇನ್ನೊಂದಕ್ಕೆ ತಪ್ಪುವಂತಿದ್ದರೆ ಜೋಡಿ ಕೂಡಿಸುವುದೇ ಕಷ್ಟವಾಗುತ್ತಿತ್ತು. ಹಳ್ಳಿಕಾರ್ ಹಸುವಿಗೆ ಹಳ್ಳಿಕಾರ್ ಹೋರಿಯನ್ನೇ ಬಿಡುತ್ತಾ ಬಂದ ಹಿರಿಯರ ಶ್ರಮದ ಫಲವಿದು. ಮೈಸೂರು ಸಂಸ್ಥಾನದ ಸೈನ್ಯದ ಸಾಮಾನು ಎಳೆದ ಅಮೃತಮಹಲ್ ತಳಿಯಲ್ಲೂ ಹಳ್ಳಿಕಾರ್ ರಕ್ತವಿದೆ.

ಆದರೆ ಹಳ್ಳಿಕಾರ್ ದುಡಿಮೆಯ ತಳಿ. ಒಂದು ಸೂಲಿಗೆ ಕೊಡುವ ಹಾಲು ಸುಮಾರು 500 ಲೀಟರ್ ಮಾತ್ರ. ಬೆಂಗಳೂರು ಬೆಳೆದಂತೆ ಹಾಲಿಗೆ ಬೇಡಿಕೆ ಏರಿತು. 1958ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಬಂತು. 1969ರಲ್ಲಿ ಡೆನ್ಮಾರ್ಕ್ ನೆರವಿನಿಂದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಉತ್ಪಾದನಾ ಕೇಂದ್ರ ಆರಂಭವಾಯಿತು. ಎಚ್.ಎಫ್., ಜರ್ಸಿ ಹೋರಿಗಳ ವೀರ್ಯ ಹಳ್ಳಿಹಳ್ಳಿಗೆ ತಲುಪಿ, ಯಲಹಂಕ ಸುತ್ತಿನ ಕೊಟ್ಟಿಗೆಗಳಲ್ಲಿ ಸೀಮೆ ಹಸು ಸಾಮಾನ್ಯವಾಯಿತು. ಅದರಿಂದ ಎಷ್ಟೋ ಮನೆಗಳ ಸಂಸಾರ ಸಾಗಿದೆ; ಅದನ್ನು ಹಳಿಯುವುದು ಸರಿಯಲ್ಲ.

ಗೊಂದಲ ಶುರುವಾಗುವುದು ಎರಡನೆಯ ತಲೆಯಲ್ಲಿ. ನಾಟಿ ಹಸುವಿಗೂ ಎಚ್.ಎಫ್. ಹೋರಿಗೂ ಹುಟ್ಟಿದ ಮೊದಲ ಕಡಸು ಅರ್ಧ ಅರ್ಧ. ಹಾಲೂ ಉಂಟು, ಬಿಸಿಲು ತಡೆಯುವ ಶಕ್ತಿಯೂ ಉಂಟು. ಇದು ದೂರದ ಎರಡು ತಳಿಗಳು ಕೂಡಿದಾಗ ಬರುವ ಸಂಕರದ ಬಲ. ಆ ಕಡಸಿಗೆ ಊರಲ್ಲಿ ಅಡ್ಡಾಡುವ ಯಾವುದೋ ಮಿಶ್ರ ಹೋರಿ ಹಾರಿದರೆ ಕರುಗಳು ಒಂದೊಂದು ಒಂದೊಂದು ಥರ. ಹೈಬ್ರಿಡ್ ಮುಸುಕಿನ ಜೋಳದ ಕಾಳನ್ನೇ ಮರುವರ್ಷ ಬಿತ್ತಿದರೆ ಬೆಳೆ ಏರುಪೇರಾಗುವುದನ್ನು ನಮ್ಮ ರೈತರು ಬಲ್ಲರು. ಕೊಟ್ಟಿಗೆಯಲ್ಲೂ ಅದೇ ಕಥೆ. ಪ್ರತಿ ಸಲವೂ ಎಚ್.ಎಫ್. ವೀರ್ಯವನ್ನೇ ಹಾಕಿಸುತ್ತಾ ಹೋದರೆ ಸೀಮೆ ರಕ್ತ ಮುಕ್ಕಾಲು ದಾಟುತ್ತದೆ; ಬೇಸಿಗೆಯ ಸೆಕೆ, ಉಣ್ಣೆ, ಒಣ ಮೇವು ಯಾವುದನ್ನೂ ಆ ಹಸು ತಾಳದು. ಆದ್ದರಿಂದಲೇ ತಜ್ಞರು ಸೀಮೆ ಅಂಶವನ್ನು ಅರ್ಧದಿಂದ ಶೇಕಡಾ 62.5ರ ಸುಮಾರಿಗೆ ನಿಲ್ಲಿಸಲು ಹೇಳುತ್ತಾರೆ.

ಜೋಳದ ಹೈಬ್ರಿಡ್ ಬೀಜ ಮಾಡುವವರು ಎರಡೂ ಶುದ್ಧ ಸಾಲುಗಳನ್ನು ಬೇರೆಬೇರೆ ಕಾಪಾಡಲೇಬೇಕು. ಹಾಗೆಯೇ ಶುದ್ಧ ಹಳ್ಳಿಕಾರ್ ಹಿಂಡು ಕರಗಿದರೆ ಮುಂದೆ ಅರ್ಧ ಅರ್ಧದ ಕಡಸು ಪಡೆಯಲು ತಾಯಿ ಎಲ್ಲಿಂದ ತರುವುದು?

ಕಳೆದುಹೋದ ತಳಿಗುಣವನ್ನು ಮರಳಿ ತರುವುದು ನಿಧಾನದ ಕೆಲಸ. ಜಾತಿಯಿಲ್ಲದ ನಾಟಿ ಹಸುವಿಗೆ ಶುದ್ಧ ಹಳ್ಳಿಕಾರ್ ಹೋರಿ ಕೊಡಿಸಿದರೆ ಕರುವಿನಲ್ಲಿ ಹಳ್ಳಿಕಾರ್ ಪಾಲು ಅರ್ಧ. ಎರಡನೆಯ ತಲೆಗೆ ಮುಕ್ಕಾಲು. ಮೂರಕ್ಕೆ ಶೇಕಡಾ 87.5, ಐದನೆಯ ತಲೆಗೆ ಸುಮಾರು 97. ಮೂರನೆಯ ತಲೆಯ ಕಡಸಿಗೆ ಒಮ್ಮೆ ತಳಿಗೊತ್ತಿಲ್ಲದ ಹೋರಿ ಬಿದ್ದರೆ ಪಾಲು ಅರ್ಧಕ್ಕೂ ಕೆಳಗಿಳಿಯುತ್ತದೆ. ಹತ್ತು ವರ್ಷದ ಶ್ರಮ ಒಂದೇ ಬೆದೆಯಲ್ಲಿ ಹಾಳು!

ಶುದ್ಧತೆಯೊಂದೇ ಸಾಲದು ಎಂಬುದೂ ನೆನಪಿರಲಿ. ಬೂದು ಬಣ್ಣ, ಚೆಂದದ ಕೊಂಬು ಕಂಡೊಡನೆ ಒಳ್ಳೆಯ ಬೀಜದ ಹೋರಿ ಎನ್ನಲಾಗದು. ಅದರ ತಾಯಿ ಎಷ್ಟು ಹಾಲು ಕೊಟ್ಟಿತ್ತು, ಎಷ್ಟು ಸಲ ಈದಿತ್ತು ಎಂದು ಕೇಳಬೇಕು. ಇನ್ನು ಶುದ್ಧ ತಳಿಯೆಂದು ಅದೇ ಹೋರಿಯನ್ನು ಅದರ ಮಗಳಿಗೇ ಬಿಟ್ಟರೆ ಕರು ಬಡಕಲಾಗುವುದು, ಗರ್ಭ ನಿಲ್ಲದಿರುವುದು ಉಂಟು. ಊರಿನ ಹೋರಿಯನ್ನು ಮೂರು ವರ್ಷಕ್ಕೊಮ್ಮೆ ಬದಲಾಯಿಸಿರಿ. ಪಕ್ಕದೂರಿನೊಂದಿಗೆ ಅದಲುಬದಲು ಮಾಡಿಕೊಂಡರೆ ಖರ್ಚೂ ಇಲ್ಲ.

ಇಂಜೆಕ್ಷನ್ ಕೊಡಿಸುವವರು ವೀರ್ಯದ ಕಡ್ಡಿಯ ಮೇಲೆ ಅಚ್ಚಾಗಿರುವ ತಳಿಯ ಹೆಸರು, ಹೋರಿಯ ಸಂಖ್ಯೆ ಓದಿಸಿ, ಬೆದೆಯ ತಾರೀಖಿನೊಂದಿಗೆ ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಾದರೂ ಬರೆದಿಡಿ. ಈ ಬಾರಿಯ ಕಡಸು ಬೆದೆಗೆ ಬರುವ ಹೊತ್ತಿಗೆ ಅದರ ಅಪ್ಪ ಯಾರೆಂಬುದು ಬಾಯಿಮಾತಿನಲ್ಲಿ ಉಳಿದಿರುವುದಿಲ್ಲ.