ಕಂಪನಿಯ ಸಾಲ: ಯಂತ್ರಕ್ಕೆ ಯಾವುದು, ಮಾಲಿಗೆ ಯಾವುದು?

ಒಂದು ಕಂಪನಿ ಸಾಲ ಮಾಡಿದೆ ಎಂದ ಮಾತ್ರಕ್ಕೆ ಅದು ಕಷ್ಟದಲ್ಲಿದೆ ಎಂದು ಅರ್ಥವಲ್ಲ. ಸಾಲವೇ ಇಲ್ಲದೆ ನಡೆಯುವ ಕಾರ್ಖಾನೆಗಳು ಬಹಳ ಕಡಿಮೆ. ಎಷ್ಟು ಸಾಲ ಇದೆ ಎಂಬುದರಷ್ಟೇ ಮುಖ್ಯವಾದದ್ದು, ಯಾವ ಸಾಲವನ್ನು ಯಾವ ಕೆಲಸಕ್ಕೆ ಹಾಕಿದ್ದಾರೆ ಎಂಬುದು. ಅಜ್ಜ, ಅಪ್ಪಂದಿರ ಕಾಲದ ಪೇಢಿಯನ್ನು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ಮಾಡಿ, ಮೊದಲ ಬಾರಿಗೆ ಬ್ಯಾಂಕಿನ ದೊಡ್ಡ ಸಾಲದ ಕಾಗದಕ್ಕೆ ಸಹಿ ಹಾಕುವ ಕುಟುಂಬಗಳು ಸಮಾಜದಲ್ಲಿ ಅನೇಕ ಇವೆ. ಅಂಥ ಮನೆಗಳಲ್ಲಿ ಲೆಕ್ಕ ನೋಡುವ ಮಗನಿಗೆ ಮಾತ್ರವಲ್ಲ, ಜಾಮೀನಿಗೆ ಸಹಿ ಹಾಕುವ ತಾಯಿಗೂ ಸೊಸೆಗೂ ಈ ವಿಷಯ ತಿಳಿದಿರಬೇಕು.

ಉದಾಹರಣೆಗೆ ಒಂದು ದಾಲ್ ಮಿಲ್

ಕಲಬುರಗಿ ಜಿಲ್ಲೆಗೆ ತೊಗರಿಯ ಕಣಜವೆಂದು ಹೆಸರು. ಅಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆಯೂ ದೊರಕಿದೆ. ಸುತ್ತಮುತ್ತ ದಾಲ್ ಮಿಲ್‌ಗಳು ಬಹಳ. ದಾಲ್ ಮಿಲ್ಲಿನ ವ್ಯವಹಾರ ನೋಡಿದರೆ ಎರಡು ಬಗೆಯ ಸಾಲ ಏಕೆ ಬೇಕು ಎಂಬುದು ಸುಲಭವಾಗಿ ತಿಳಿಯುತ್ತದೆ. ಹೊಸ ತೊಗರಿ ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಡಿಸೆಂಬರ್‌ನಿಂದ ಫೆಬ್ರವರಿ, ಮಾರ್ಚ್ ವರೆಗೆ. ಆಗಲೇ ಖರೀದಿ ಮಾಡಿ ಗೋದಾಮಿಗೆ ಹಾಕಬೇಕು. ಬೇಳೆ ಮಾರುವುದು ಮಾತ್ರ ವರ್ಷವಿಡೀ. ಯಂತ್ರಗಳಾದರೋ ಹತ್ತು ಹದಿನೈದು ವರ್ಷ ನಡೆಯುತ್ತವೆ.

ಲೆಕ್ಕಕ್ಕಾಗಿ ಒಂದು ಮಿಲ್ ಕಲ್ಪಿಸಿಕೊಳ್ಳೋಣ. ಕಟ್ಟಡ ಮತ್ತು ಯಂತ್ರಗಳಿಗೆ 4 ಕೋಟಿ ರೂಪಾಯಿ ಬೇಕು. ವರ್ಷದ ವಹಿವಾಟು 15 ಕೋಟಿ ಎಂದು ಅಂದಾಜು.

ದೀರ್ಘಾವಧಿ ಸಾಲ

ಕಟ್ಟಡ, ಯಂತ್ರಗಳಿಗೆ ತೆಗೆದುಕೊಳ್ಳುವುದು ಟರ್ಮ್ ಲೋನ್. ಇದನ್ನು ಒಮ್ಮೆ ಪಡೆದು, ಕಂತುಗಳಲ್ಲಿ ತೀರಿಸುತ್ತಾ ಹೋಗಬೇಕು. ತೀರಿಸಿದ ಹಣವನ್ನು ಮತ್ತೆ ಎತ್ತಲು ಬರುವುದಿಲ್ಲ. ಬ್ಯಾಂಕು ಪೂರ್ತಿ ಹಣ ಕೊಡುವುದೂ ಇಲ್ಲ. ಮಾಲೀಕರೂ ತಮ್ಮ ಪಾಲು ಹಾಕಬೇಕು. ಇದಕ್ಕೆ ಮಾರ್ಜಿನ್ ಎನ್ನುತ್ತಾರೆ.

ನಮ್ಮ ಉದಾಹರಣೆಯಲ್ಲಿ ಮಾಲೀಕರ ಪಾಲು 1.40 ಕೋಟಿ, ಬ್ಯಾಂಕಿನ ಸಾಲ 2.60 ಕೋಟಿ ಎಂದಿರಲಿ. ಅವಧಿ 7 ವರ್ಷ. ಯಂತ್ರ ಕೂಡಿಸಿ ಕೆಲಸ ಶುರುವಾಗಲು ಸಮಯ ಬೇಕಾದ್ದರಿಂದ ಮೊದಲ 6 ತಿಂಗಳು ಅಸಲಿನ ಕಂತು ಇಲ್ಲ, ಬಡ್ಡಿ ಮಾತ್ರ. ಉಳಿದ 78 ತಿಂಗಳಲ್ಲಿ ತೀರಿಸಬೇಕು. ಅಂದರೆ ತಿಂಗಳಿಗೆ ಅಸಲು ಸುಮಾರು 3.33 ಲಕ್ಷ. ಬಡ್ಡಿ ಶೇ. 10 ಎಂದು ಹಿಡಿದರೆ ಆರಂಭದಲ್ಲಿ ತಿಂಗಳಿಗೆ ಇನ್ನೂ 2.17 ಲಕ್ಷ. ಒಟ್ಟು 5.50 ಲಕ್ಷ. ಮಿಲ್ ನಡೆಯಲಿ, ನಿಲ್ಲಲಿ, ತೊಗರಿಯ ಧಾರಣೆ ಏರಲಿ, ಇಳಿಯಲಿ, ಈ ಹಣ ತಿಂಗಳು ತಿಂಗಳು ಹೊರಡಬೇಕು.

ಬ್ಯಾಂಕಿನವರು ಸಾಲ ಕೊಡುವ ಮೊದಲು ಒಂದು ಲೆಕ್ಕ ಹಾಕುತ್ತಾರೆ. ವರ್ಷಕ್ಕೆ ಕೈಗೆ ಬರುವ ನಗದು, ಆ ವರ್ಷದ ಕಂತು ಮತ್ತು ಬಡ್ಡಿಯ ಎಷ್ಟು ಪಟ್ಟು ಇದೆ ಎಂಬ ಲೆಕ್ಕ ಅದು. ಅದು 1ಕ್ಕಿಂತ ಕಡಿಮೆ ಬಂದರೆ ಗಳಿಕೆಯಿಂದ ಕಂತು ತೀರುವುದಿಲ್ಲ ಎಂದೇ ಅರ್ಥ. ಈ ಲೆಕ್ಕವನ್ನು ಬ್ಯಾಂಕಿಗಿಂತ ಮೊದಲು ಮನೆಯವರೇ ಹಾಕಿ ನೋಡುವುದು ಒಳ್ಳೆಯದು.

ದೊಡ್ಡ ಕಂಪನಿಗಳು ಬ್ಯಾಂಕಿಗೆ ಹೋಗದೆ ಡಿಬೆಂಚರ್ ಅಥವಾ ಬಾಂಡ್ ಹೊರಡಿಸಿಯೂ ದೀರ್ಘಾವಧಿ ಹಣ ತರುತ್ತವೆ. ಸಣ್ಣ ಪ್ರೈವೇಟ್ ಕಂಪನಿಗಳಲ್ಲಿ ನಿರ್ದೇಶಕರೂ ಅವರ ಸಂಬಂಧಿಕರೂ ಸ್ವಂತ ಹಣವನ್ನು ಕಂಪನಿಗೆ ಸಾಲ ಕೊಡಬಹುದು. ಆದರೆ ಇದು ಬೇರೆಯವರಿಂದ ಸಾಲ ತಂದ ಹಣವಲ್ಲ ಎಂದು ಲಿಖಿತವಾಗಿ ಬರೆದುಕೊಡಬೇಕು. ಹಳೆಯ ಪೇಢಿಗಳಲ್ಲಿ ಪರಿಚಿತರ ಹಣ ಇಟ್ಟುಕೊಂಡು ಬಡ್ಡಿ ಕೊಡುವ ರೂಢಿ ಇತ್ತು. ಕಂಪನಿಯಾದ ಮೇಲೆ ಆ ರೂಢಿ ನಡೆಯದು. ಹೊರಗಿನವರಿಂದ ಹಾಗೆ ಹಣ ಪಡೆದರೆ ಅದನ್ನು ಕಾನೂನು ಠೇವಣಿ ಎಂದು ನೋಡುತ್ತದೆ, ಅದಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ.

ಸಿಸಿ ಖಾತೆ: ಎತ್ತಿದಷ್ಟಕ್ಕೆ ಬಡ್ಡಿ

ತೊಗರಿ ಕೊಳ್ಳಲು, ಕೂಲಿ, ವಿದ್ಯುತ್ ಬಿಲ್ ಕೊಡಲು, ಉದ್ರಿ ಕೊಟ್ಟ ಗಿರಾಕಿಯ ಹಣ ಬರುವ ತನಕ ನಡೆಸಿಕೊಂಡು ಹೋಗಲು ಬೇಕಾದದ್ದು ದುಡಿಯುವ ಬಂಡವಾಳ. ಇದಕ್ಕಾಗಿ ಬ್ಯಾಂಕು ಒಂದು ಮಿತಿಯನ್ನು ಮಂಜೂರು ಮಾಡುತ್ತದೆ. ಅದೇ ಕ್ಯಾಶ್ ಕ್ರೆಡಿಟ್, ಪೇಟೆಯ ಭಾಷೆಯಲ್ಲಿ ಸಿಸಿ. ಮಿತಿಯೊಳಗೆ ಬೇಕಾದಾಗ ಎತ್ತಬಹುದು, ಬಂದಾಗ ಕಟ್ಟಬಹುದು, ಮತ್ತೆ ಎತ್ತಬಹುದು. ಆಯಾ ದಿನದ ಬಾಕಿಗೆ ಮಾತ್ರ ಬಡ್ಡಿ. ಶೇ. 10ರ ಲೆಕ್ಕದಲ್ಲಿ 1 ಕೋಟಿ ರೂಪಾಯಿಯನ್ನು 10 ದಿನ ಬಳಸಿದರೆ ಬಡ್ಡಿ ಸುಮಾರು 27,400 ರೂಪಾಯಿ.

ಮಿತಿ ಎಷ್ಟು ಎಂಬುದಕ್ಕೆ ಒಂದು ಸರಳ ಸೂತ್ರವಿದೆ. 1992ರ ನಾಯಕ್ ಸಮಿತಿಯ ಶಿಫಾರಸಿನಂತೆ, ಸಣ್ಣ ಘಟಕಗಳಿಗೆ 5 ಕೋಟಿ ರೂಪಾಯಿವರೆಗಿನ ಮಿತಿಯನ್ನು ವರ್ಷದ ಅಂದಾಜು ವಹಿವಾಟಿನ ಕನಿಷ್ಠ ಶೇ. 20ರಂತೆ ಲೆಕ್ಕ ಹಾಕುತ್ತಾರೆ. ಮಾಲೀಕರು ವಹಿವಾಟಿನ ಶೇ. 5ರಷ್ಟು ಸ್ವಂತ ಹಣ ಹಾಕಬೇಕು. 15 ಕೋಟಿ ವಹಿವಾಟಿಗೆ ಮಿತಿ 3 ಕೋಟಿ, ಸ್ವಂತದ್ದು ಕನಿಷ್ಠ 75 ಲಕ್ಷ.

ಆದರೆ ಮಂಜೂರಾದ 3 ಕೋಟಿಯನ್ನೂ ಯಾವಾಗಲೂ ಎತ್ತಬಹುದು ಎಂದು ತಿಳಿಯಬಾರದು. ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಅದರ ಮೇಲೆ ಆ ತಿಂಗಳು ಎಷ್ಟು ಎತ್ತಬಹುದು ಎಂದು ಬ್ಯಾಂಕು ನಿಗದಿ ಮಾಡುತ್ತದೆ. ಇದಕ್ಕೆ ಡ್ರಾಯಿಂಗ್ ಪವರ್ ಎಂದು ಹೆಸರು.

ಗೋದಾಮಿನಲ್ಲಿ 3 ಕೋಟಿಯ ಮಾಲಿದೆ, ಅದರಲ್ಲಿ 40 ಲಕ್ಷದ್ದು ಉದ್ರಿ ತಂದದ್ದು ಎನ್ನೋಣ. ಹಣ ಕೊಟ್ಟ ಮಾಲು 2.60 ಕೋಟಿ. ಶೇ. 25 ಮಾರ್ಜಿನ್ ಕಳೆದರೆ 1.95 ಕೋಟಿ. ಗಿರಾಕಿಗಳಿಂದ ಬರಬೇಕಾದ, 90 ದಿನ ಮೀರದ ಬಾಕಿ 1 ಕೋಟಿ. ಅದಕ್ಕೆ ಶೇ. 40 ಮಾರ್ಜಿನ್ ಕಳೆದರೆ 60 ಲಕ್ಷ. ಒಟ್ಟು ಡ್ರಾಯಿಂಗ್ ಪವರ್ 2.55 ಕೋಟಿ. ಮಾರ್ಜಿನ್ ಎಷ್ಟು, ಎಷ್ಟು ದಿನದ ಬಾಕಿ ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗಬಹುದು, ಕ್ರಮ ಮಾತ್ರ ಇದೇ.

ಈಗ ತೊಗರಿಯ ಧಾರಣೆ ಶೇ. 20 ಇಳಿಯಿತು ಎನ್ನಿ. 3 ಕೋಟಿಯ ಮಾಲು 2.40 ಕೋಟಿಗೆ ಬರುತ್ತದೆ. ಅದೇ ಲೆಕ್ಕದಲ್ಲಿ ಡ್ರಾಯಿಂಗ್ ಪವರ್ 2.10 ಕೋಟಿಗೆ ಇಳಿಯುತ್ತದೆ. ಈಗಾಗಲೇ 2.50 ಕೋಟಿ ಎತ್ತಿದ್ದರೆ 40 ಲಕ್ಷ ಹೆಚ್ಚಾಯಿತು. ಅದನ್ನು ಕಟ್ಟಿ ಸರಿಪಡಿಸಬೇಕು. ಒಂದು ಚೀಲ ಮಾಲೂ ಕಡಿಮೆಯಾಗಿಲ್ಲ, ಆದರೂ ಹಣದ ಇಕ್ಕಟ್ಟು ಬಂತು.

ಮ್ಯಾನ್ಮಾರ್, ಮೊಜಾಂಬಿಕ್ ಕಡೆಯಿಂದ ತೊಗರಿ ತರಿಸುವವರಿಗೆ ಲೆಟರ್ ಆಫ್ ಕ್ರೆಡಿಟ್ ಬೇಕಾಗುತ್ತದೆ. ಇಲ್ಲಿ ಬ್ಯಾಂಕು ಕೂಡಲೇ ಹಣ ಕೊಡುವುದಿಲ್ಲ, ಕಾಗದಪತ್ರ ಸರಿಯಾಗಿ ಬಂದರೆ ಮಾರಿದವರಿಗೆ ಹಣ ಕೊಡುವೆನೆಂದು ಮಾತು ಕೊಡುತ್ತದೆ. ಗಡುವಿನ ದಿನ ಕಂಪನಿಯ ಖಾತೆಯಲ್ಲಿ ಹಣ ಇರದಿದ್ದರೆ ಇದೂ ಸಾಲವೇ ಆಗುತ್ತದೆ.

ತಪ್ಪುವುದು ಎಲ್ಲಿ?

ಆಗಸ್ಟ್ ತಿಂಗಳು. ಬೇಳೆ ಮಾರಿ ಹಣ ಬಂದಿದೆ. ಸಿಸಿ ಖಾತೆಯಲ್ಲಿ ಇನ್ನೂ 80 ಲಕ್ಷ ಎತ್ತಲು ಅವಕಾಶವಿದೆ. ಪಕ್ಕದ ಜಾಗದಲ್ಲಿ ಇನ್ನೊಂದು ಗೋದಾಮು ಕಟ್ಟಬೇಕೆಂಬ ಆಸೆ ಮನೆಯಲ್ಲಿ ಮೊದಲಿನಿಂದಲೂ ಇದೆ. ಟರ್ಮ್ ಲೋನ್‌ಗೆ ಅರ್ಜಿ ಹಾಕಿದರೆ ತಿಂಗಳುಗಟ್ಟಲೆ ಓಡಾಟ. ಸಿಸಿ ಹಣ ಕೈಯಲ್ಲೇ ಇದೆಯಲ್ಲ ಎಂದು ಅದರಿಂದಲೇ ಗೋದಾಮು ಕಟ್ಟುತ್ತಾರೆ.

ಜನವರಿಯಲ್ಲಿ ಹೊಸ ತೊಗರಿ ಬರುತ್ತದೆ. ಮಾಲಿನ ಪ್ರತಿ ರೂಪಾಯಿಗೆ ಬ್ಯಾಂಕು ಕೊಡುವುದು 75 ಪೈಸೆ. ಉಳಿದ 25 ಪೈಸೆ ಕಂಪನಿಯದ್ದಾಗಬೇಕು. ಮೇಲಿನ ಲೆಕ್ಕದಂತೆ ಮಾಲು ಮತ್ತು ಬಾಕಿ ಸೇರಿ 4 ಕೋಟಿಯ ವ್ಯವಹಾರಕ್ಕೆ, ಉದ್ರಿ 40 ಲಕ್ಷ ಮತ್ತು ಬ್ಯಾಂಕಿನ 2.55 ಕೋಟಿ ಕಳೆದು, ಸ್ವಂತ ಹಣ 1.05 ಕೋಟಿ ಬೇಕು. ಅದರಲ್ಲಿ 80 ಲಕ್ಷ ಗೋದಾಮಿನ ಗೋಡೆಯಲ್ಲಿದೆ. ಉಳಿದ 25 ಲಕ್ಷ, ಮೊದಲಿನ ಕಾಲು ಭಾಗದಷ್ಟು ವ್ಯವಹಾರಕ್ಕೆ ಮಾತ್ರ ಸಾಲುತ್ತದೆ. ಗೋದಾಮಿಗೆ ಹೋದದ್ದು ಬ್ಯಾಂಕಿನ ಹಣ ಎಂದು ಮನೆಯವರು ತಿಳಿದಿದ್ದರು. ನಿಜವಾಗಿ ಹೋದದ್ದು ಕಂಪನಿಯ ಸ್ವಂತ ಮಾರ್ಜಿನ್. ದೊಡ್ಡ ಗೋದಾಮು ಇದೆ, ಅದರಲ್ಲಿ ಹಾಕಲು ಮಾಲಿಲ್ಲ. ಮಿಲ್ ಅರ್ಧ ದಿನ ನಡೆಯುತ್ತದೆ, ತಿಂಗಳ 5.50 ಲಕ್ಷ ಮಾತ್ರ ಪೂರ್ತಿ ಹೊರಡಬೇಕು.

ಇದೇ ಗೋದಾಮಿಗೆ 20 ಲಕ್ಷ ಸ್ವಂತ ಹಣ ಹಾಕಿ, 60 ಲಕ್ಷ ಟರ್ಮ್ ಲೋನ್ ಪಡೆದು 5 ವರ್ಷದಲ್ಲಿ ತೀರಿಸುವಂತೆ ಮಾಡಿದ್ದರೆ ತಿಂಗಳಿಗೆ ಅಸಲು 1 ಲಕ್ಷ ಬರುತ್ತಿತ್ತು. ಖರೀದಿಯ ಹಣದಲ್ಲಿ 80ರ ಬದಲು 20 ಲಕ್ಷ ಮಾತ್ರ ಕಡಿಮೆಯಾಗುತ್ತಿತ್ತು. ಎರಡು ಮೂರು ತಿಂಗಳ ಓಡಾಟ ಉಳಿಸಲು ಹೋಗಿ ಒಂದು ಹಂಗಾಮೇ ಕೈತಪ್ಪಿತು. ಇಂಥ ಹೊತ್ತಿನಲ್ಲಿ ಕೆಲವರು ಇಲ್ಲದ ಮಾಲನ್ನು ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ತೋರಿಸುವ ದಾರಿ ಹಿಡಿಯುತ್ತಾರೆ. ಅದು ಬ್ಯಾಂಕಿಗೆ ಮಾಡುವ ವಂಚನೆ. ಅಲ್ಲಿಗೆ ವ್ಯಾಪಾರದ ತೊಂದರೆ ಕ್ರಿಮಿನಲ್ ಕೇಸಿನ ತೊಂದರೆಯಾಗುತ್ತದೆ.

ದೊಡ್ಡವರಿಗೂ ಇದೇ ಲೆಕ್ಕ

ಈ ತಪ್ಪು ಸಣ್ಣ ಕಂಪನಿಗಳಿಗೆ ಮಾತ್ರ ಸೇರಿದ್ದಲ್ಲ. 1987ರಲ್ಲಿ ಸ್ಥಾಪನೆಯಾದ ಐಎಲ್ ಅಂಡ್ ಎಫ್‌ಎಸ್ ಸಮೂಹ ರಸ್ತೆ, ಸುರಂಗ, ವಿದ್ಯುತ್ ಯೋಜನೆಗಳಲ್ಲಿ ಹಣ ಹೂಡಿತ್ತು. ಜಮ್ಮು-ಕಾಶ್ಮೀರದ ಚೆನಾನಿ-ನಾಶ್ರಿ ಸುರಂಗ ಅದೇ ಸಮೂಹ ಕಟ್ಟಿದ್ದು. ಇಂಥ ಯೋಜನೆಗಳಿಂದ ಹಣ ವಾಪಸು ಬರಲು ಹದಿನೈದು ಇಪ್ಪತ್ತು ವರ್ಷ ಬೇಕು. ಆದರೆ ಸಮೂಹ ತಂದ ಸಾಲದಲ್ಲಿ ಒಂದು ಭಾಗ ಕಮರ್ಷಿಯಲ್ ಪೇಪರ್‌ನಂಥ, ಒಂದು ವರ್ಷದೊಳಗೆ ತೀರಿಸಬೇಕಾದ ಸಾಲ. ಹಳೆಯದನ್ನು ತೀರಿಸಲು ಹೊಸದು ಸಿಗುತ್ತಿದ್ದ ತನಕ ನಡೆಯಿತು. 2018ರಲ್ಲಿ ಅದು ನಿಂತಿತು. ಆಗಸ್ಟ್ ವರೆಗೂ ಅತ್ಯುತ್ತಮ ರೇಟಿಂಗ್ ಇದ್ದ ಕಂಪನಿ ಸೆಪ್ಟೆಂಬರ್‌ನಲ್ಲಿ ಸಾಲ ತಪ್ಪಿದ ಕಂಪನಿಗಳ ರೇಟಿಂಗ್‌ಗೆ ಇಳಿಯಿತು. ಅಕ್ಟೋಬರ್ 1ರಂದು ಕೇಂದ್ರ ಸರ್ಕಾರ ಅದರ ಆಡಳಿತ ಮಂಡಳಿಯನ್ನು ಬದಲಾಯಿಸಿತು. ಸಮೂಹದ ಸಾಲ ಸುಮಾರು 91 ಸಾವಿರ ಕೋಟಿ ರೂಪಾಯಿ. ಅಲ್ಲಿ ಬೇರೆ ತಪ್ಪುಗಳೂ ನಡೆದವು ಎಂಬುದು ಆಮೇಲೆ ಹೊರಬಂತು. ಆದರೆ ಮೊದಲು ಬಿದ್ದದ್ದು ಅವಧಿಯ ಲೆಕ್ಕ.

ಲಿಮಿಟೆಡ್ ಇದ್ದರೂ ಮನೆ ಉಳಿಯುವುದೇ?

ಕಂಪನಿ ಎಂದರೆ ಹೊಣೆ ಸೀಮಿತ ಎಂದು ಎಲ್ಲರೂ ಓದಿರುತ್ತಾರೆ. ಆದರೆ ಸಣ್ಣ ಕಂಪನಿಗೆ ಸಾಲ ಕೊಡುವಾಗ ಬ್ಯಾಂಕು ಹೆಚ್ಚಾಗಿ ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುತ್ತದೆ. ಮನೆಯ ಪತ್ರ ಅಡಮಾನವಿದ್ದರೆ ಮನೆ ಯಾರ ಹೆಸರಿನಲ್ಲಿದೆಯೋ ಅವರ ಸಹಿಯೂ ಬೇಕು. ಆ ಸಹಿಯ ನಂತರ 'ಲಿಮಿಟೆಡ್' ಎಂಬ ಶಬ್ದ ಮನೆಯನ್ನು ಕಾಯುವುದಿಲ್ಲ. ಕಂಪನಿಯ ದಿವಾಳಿ ಪ್ರಕ್ರಿಯೆ ಮುಗಿದು ಸಾಲ ಇತ್ಯರ್ಥವಾದರೂ, ಜಾಮೀನುದಾರರ ಹೊಣೆ ತಾನಾಗಿಯೇ ಮುಗಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಮೇ 21ರಂದು ಹೇಳಿದೆ. ಅಣ್ಣತಮ್ಮಂದಿರು ಪಾಲಾಗಿ ಒಬ್ಬರು ಕಂಪನಿ ಬಿಟ್ಟರೂ, ಬ್ಯಾಂಕು ಬರೆದುಕೊಟ್ಟು ಬಿಡುಗಡೆ ಮಾಡದ ಹೊರತು ಹಳೆಯ ಜಾಮೀನು ಉಳಿದಿರಬಹುದು. ಪಾಲುಪತ್ರ ಮಾಡುವಾಗಲೇ ಇದನ್ನು ವಿಚಾರಿಸಬೇಕು.

ಕಂತು 90 ದಿನ ಮೀರಿದರೆ ಖಾತೆ ಎನ್‌ಪಿಎ ಆಗುತ್ತದೆ. ಸಿಸಿ ಖಾತೆಯ ಬಾಕಿ 90 ದಿನ ಸತತವಾಗಿ ಮಿತಿ ಅಥವಾ ಡ್ರಾಯಿಂಗ್ ಪವರ್ ಮೀರಿದ್ದರೂ ಹಾಗೆಯೇ. ಅನಂತರ 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು 60 ದಿನದ ನೋಟಿಸ್ ಕೊಟ್ಟು ಅಡಮಾನದ ಆಸ್ತಿಯನ್ನು ವಶಕ್ಕೆ ಪಡೆಯಲು ಮುಂದಾಗಬಹುದು.

ನೆನಪಿಡಬೇಕಾದ ಕೆಲವು ಮಾತು

ವರ್ಷಗಟ್ಟಲೆ ದುಡಿಯುವ ಆಸ್ತಿಗೆ ವರ್ಷಗಟ್ಟಲೆ ತೀರಿಸುವ ಸಾಲ, ತಿಂಗಳುಗಳಲ್ಲಿ ಹಣವಾಗುವ ಮಾಲಿಗೆ ಸಿಸಿ. ಇದನ್ನು ಅದಲುಬದಲು ಮಾಡಬಾರದು.

ಸಿಸಿ ಮಿತಿಯನ್ನು ಪ್ರತಿ ವರ್ಷ ನವೀಕರಿಸಬೇಕು. ಲೆಕ್ಕಪತ್ರ ತಡವಾದರೆ ನವೀಕರಣವೂ ತಡ.

ಯಾವುದೇ ಕಂಪನಿಗೆ ದೊಡ್ಡ ಉದ್ರಿ ಕೊಡುವ ಮೊದಲು ಅದರ ಆಸ್ತಿಯ ಮೇಲೆ ಯಾವ ಸಾಲಗಳಿವೆ ನೋಡಬಹುದು. ಕಂಪನಿ ಆಸ್ತಿ ಅಡವಿಟ್ಟರೆ 30 ದಿನದಲ್ಲಿ ರಿಜಿಸ್ಟ್ರಾರ್ ಬಳಿ ದಾಖಲಿಸಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಆ ವಿವರ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಿಗುತ್ತದೆ.

ಕಷ್ಟ ಬಂದರೆ ಬ್ಯಾಂಕಿನಿಂದ ತಪ್ಪಿಸಿಕೊಂಡು ಓಡಾಡಬಾರದು. 25 ಕೋಟಿ ರೂಪಾಯಿವರೆಗೆ ಸಾಲವಿರುವ ಸಣ್ಣ, ಮಧ್ಯಮ ಉದ್ದಿಮೆಗಳ ಪುನಶ್ಚೇತನಕ್ಕೆ ರಿಸರ್ವ್ ಬ್ಯಾಂಕ್ 2016ರ ಮಾರ್ಚ್‌ನಲ್ಲಿ ವ್ಯವಸ್ಥೆ ಮಾಡಿದೆ. ಖಾತೆ ಎನ್‌ಪಿಎ ಆಗುವ ಮೊದಲೇ ಮಾಲೀಕರು ತಾವಾಗಿ ಅರ್ಜಿ ಕೊಟ್ಟು, ಬ್ಯಾಂಕಿನ ಸಮಿತಿಯ ಮುಂದೆ ಕಂತು ಮರುಹೊಂದಿಸಲು ಕೇಳಬಹುದು. ಮೊದಲ ಕಂತು ತಪ್ಪಿದ ವಾರವೇ ಹೋಗಿ ನಿಜ ಲೆಕ್ಕ ಮುಂದಿಟ್ಟವರಿಗೆ ದಾರಿಗಳು ಹೆಚ್ಚು. ನೋಟಿಸ್ ಬಂದ ಮೇಲೆ ಹೋದವರಿಗೆ ಅವು ಕಡಿಮೆ.

ಕೊನೆಯದಾಗಿ, ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಮನೆಯವರೆಲ್ಲ ಒಂದು ಸಂಜೆ ಕೂತು, ಯಾವ ಹಣ ಯಾವ ಕೆಲಸಕ್ಕೆ, ಯಾವಾಗ ವಾಪಸು, ಯಾರ ಜಾಮೀನು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಲಿ. ಬರೆಯಲು ಆಗದ ಸಾಲವನ್ನು ತೆಗೆದುಕೊಳ್ಳದಿರುವುದೇ ಲೇಸು.