ಎಕ್ಕಂಬಿಯ ಮೇಲಿನ ಆ ಎರಡು ನಿಮಿಷ

1980ರ ಫೆಬ್ರವರಿ 16ರ ಇಳಿಹಗಲು. ಚಂದ್ರನ ದಟ್ಟ ನೆರಳು ಅಂಕೋಲೆಯ ಬಳಿ ದಡ ಹತ್ತಿ, ಘಟ್ಟವೇರಿ, ಹುಬ್ಬಳ್ಳಿ, ಗದಗ, ರಾಯಚೂರಿನತ್ತ ಓಡಿತು. ಶಿರಸಿ, ಎಕ್ಕಂಬಿ, ಯಲ್ಲಾಪುರ ಆ ನೆರಳಿನೊಳಗೇ ಇದ್ದವು. ಎರಡು ನಿಮಿಷಕ್ಕೂ ಮಿಕ್ಕಿ ಹಗಲೇ ಕತ್ತಲಾಯಿತು. ಅಂದು ದೇಶದ ಎಷ್ಟೋ ಊರುಗಳಲ್ಲಿ ಜನ ಭಯದಿಂದ ಬಾಗಿಲು ಹಾಕಿಕೊಂಡು ಕುಳಿತಿದ್ದರು; ಅದೇ ಹೊತ್ತಿಗೆ ಹೊರದೇಶಗಳ ವಿಜ್ಞಾನಿಗಳು ನಮ್ಮ ನಾಡಿನಲ್ಲಿ ದೂರದರ್ಶಕ ಹೂಡಿ ಕಾದಿದ್ದರು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ದಿನ ಕಾಣಿಸಿದ ಕರೋನಾ, ಅಂದರೆ ಸೂರ್ಯನ ಪ್ರಭಾವಲಯ, ಎಲ್ಲ ವರ್ಷಗಳಲ್ಲೂ ಒಂದೇ ರೂಪದಲ್ಲಿರುವುದಿಲ್ಲ; ಅದಕ್ಕೆ ಕಾರಣ ಸೂರ್ಯನೊಳಗೇ ಇದೆ.

ಸೂರ್ಯ ಗಟ್ಟಿ ಗುಂಡಲ್ಲ, ಕಾದ ಅನಿಲದ ಮುದ್ದೆ. ಅದರ ನಡುಭಾಗ ಸುಮಾರು 25 ದಿನಕ್ಕೆ ಒಂದು ಸುತ್ತು ಬಂದರೆ ಧ್ರುವದ ಭಾಗಕ್ಕೆ 35 ದಿನ ಬೇಕು. ಹೀಗಾಗಿ ಉತ್ತರ–ದಕ್ಷಿಣವಾಗಿ ಹಾಸಿದ್ದ ಕಾಂತರೇಖೆಗಳು ಒಳಗೊಳಗೇ ಎಳೆಯಲ್ಪಟ್ಟು ಅಡ್ಡಡ್ಡ ಸುತ್ತಿಕೊಳ್ಳುತ್ತವೆ, ಹೊಸೆದ ನಾರಿನ ಹಗ್ಗದಂತೆ ಬಿಗಿಯಾಗುತ್ತವೆ. ಬಿಗಿದ ಕಾಂತಕ್ಷೇತ್ರ ಮೇಲೆದ್ದು ಮೈ ಸೀಳಿದ ಕಡೆ ಒಳಗಿನ ಶಾಖ ಮೇಲೆ ಬರಲಾರದು. ಆ ಜಾಗ ಸುತ್ತಲಿಗಿಂತ ತಂಪಾಗಿ ಕಪ್ಪಾಗಿ ಕಾಣುತ್ತದೆ. ಅದೇ ಸೌರಕಲೆ. ದೊಡ್ಡ ಕಲೆಯ ಕಾಂತಬಲ ಭೂಮಿಯದ್ದಕ್ಕಿಂತ ಸಾವಿರಾರು ಪಟ್ಟು ಹೆಚ್ಚೆಂದು 1908ರಲ್ಲಿ ಖಗೋಳವಿಜ್ಞಾನಿ ಜಾರ್ಜ್ ಹೇಲ್ ಮೊದಲು ತೋರಿಸಿಕೊಟ್ಟರು.

ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ, ಕಡಿಮೆಯಾಗುತ್ತವೆ. ಚಕ್ರದ ಆರಂಭದಲ್ಲಿ ಅವು ಸಮಭಾಜಕದಿಂದ 30 ಡಿಗ್ರಿ ಆಚೀಚೆ ಹುಟ್ಟುತ್ತವೆ, ವರ್ಷ ಕಳೆದಂತೆ ನಡುವಿನತ್ತ ಬರುತ್ತವೆ. ಚದುರಿದ ಕಲೆಗಳ ಕಾಂತಶೇಷ ಧ್ರುವದತ್ತ ಸಾಗಿ ಅಲ್ಲಿನ ಹಳೆಯ ಕ್ಷೇತ್ರವನ್ನು ಅಳಿಸುತ್ತದೆ. ಏರುಗಾಲದ ತುದಿಯಲ್ಲಿ ಸೂರ್ಯನ ಧ್ರುವಗಳೇ ಅದಲುಬದಲು! ಮೊದಲಿನ ಸ್ಥಿತಿಗೆ ಮರಳಲು ಹೀಗೆ 22 ವರ್ಷ ಬೇಕು.

1980ರ ಗ್ರಹಣ ಬಂದದ್ದು ಸರಿಯಾಗಿ ಅಂಥ ತುದಿಯಲ್ಲಿ. 21ನೇ ಚಕ್ರ 1979ರ ಕೊನೆಗೆ ಶಿಖರ ಮುಟ್ಟಿತ್ತು. ಆದ್ದರಿಂದ ಕರೋನಾದ ಎಸಳುಗಳು ಸುತ್ತಲೂ, ಧ್ರುವಗಳ ಮೇಲೂ ಚಾಚಿದ್ದವು. ಶಾಂತ ಸೂರ್ಯನದಾದರೆ ಅವು ನಡುಭಾಗದ ಎರಡು ಪಕ್ಕಕ್ಕಷ್ಟೇ ಉಳಿಯುತ್ತವೆ.

ಗ್ರಹಣಕ್ಕೆ ಕಾಯುವ ಕಷ್ಟವನ್ನು ಈಗ ನಮ್ಮವರೇ ತಪ್ಪಿಸಿದ್ದಾರೆ. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ–ಎಲ್1 ನೌಕೆಯಲ್ಲಿ ಸೂರ್ಯಬಿಂಬವನ್ನು ಮರೆಮಾಡಿ ಕರೋನಾ ನೋಡುವ ಉಪಕರಣವನ್ನು ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯಲ್ಲಿ ಸಿದ್ಧಪಡಿಸಿತು. ಕೊಡೈಕೆನಾಲಿನಲ್ಲಿ 1904ರಿಂದ ಸೂರ್ಯನ ಚಿತ್ರ ತೆಗೆಯುತ್ತ ಬಂದ ಸಂಸ್ಥೆಯೂ ಇದೇ. ಕಲೆಗಳ ಏರಿಳಿತದ ಪರಿಣಾಮ ನಮ್ಮಲ್ಲೂ ಕಂಡಿದೆ: 2024ರ ಮೇ ತಿಂಗಳ ಸೌರಬಿರುಗಾಳಿಗೆ ಲಡಾಖಿನ ಹಾನ್ಲೆಯ ಆಕಾಶ ಕೆಂಪಾದದ್ದು ಈಗಿನ 25ನೇ ಚಕ್ರದ ಏರುಗಾಲದಲ್ಲಿ.

ಆ ಚಕ್ರ ಈಗ ಇಳಿಮುಖ. ನಮ್ಮ ಶಾಲೆಗಳು ಸಣ್ಣ ದೂರದರ್ಶಕದಿಂದ ಸೂರ್ಯಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ (ಕಣ್ಣಿಟ್ಟು ನೋಡಲೇಬಾರದು) ಮಕ್ಕಳಿಂದ ಕಲೆಗಳ ಜಾಗ ಗುರುತು ಹಾಕಿಸಲಿ. ಮುಂದೊಂದು ದಿನ ನಡುವಿನಿಂದ ಬಲು ದೂರದಲ್ಲಿ, ಈಗಿನವಕ್ಕೆ ಹೋಲಿಸಿದರೆ ಕಾಂತಧ್ರುವ ತಿರುಗುಮುರುಗಾದ ಪುಟ್ಟ ಕಲೆಗಳ ಜೋಡಿ ಮೂಡುತ್ತದೆ. ಅದು 26ನೇ ಚಕ್ರದ್ದು.