ಹದಿಮೂರನೆಯ ದಲೈಲಾಮಾ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಮುಸುಕಿನ ಜೋಳದ ಹೊಲಗಳ ನಡುವೆ, ಸೆರಾ ಎಂಬ ಬೌದ್ಧ ಮಠವಿದೆ. ಅದರ ಮೂಲಸ್ಥಾನ ಟಿಬೆಟ್ಟಿನ ಲ್ಹಾಸಾ. ಅದನ್ನು ಕಂಡಾಗಲೆಲ್ಲ ನನಗೆ ಹದಿಮೂರನೆಯ ದಲೈಲಾಮಾ ಥುಬ್ತೆನ್ ಗ್ಯಾತ್ಸೋ ಅವರ ಆಳ್ವಿಕೆ ನೆನಪಾಗುತ್ತದೆ.

ಟಿಬೆಟ್ಟಿನಲ್ಲಿ ರಷ್ಯಾ ಕಾಲೂರೀತೆಂಬ ಶಂಕೆಯಿಂದ ಬ್ರಿಟಿಷರು 1904ರಲ್ಲಿ ಲ್ಹಾಸಾಕ್ಕೆ ಸೇನೆ ನುಗ್ಗಿಸಿದರು. ಲಾಮಾ ಮಂಗೋಲಿಯಾಕ್ಕೆ ತೆರಳಿದರು. 1907ರಲ್ಲಿ ಆ ಎರಡು ಸಾಮ್ರಾಜ್ಯಗಳೂ ತಮ್ಮತಮ್ಮಲ್ಲೇ ರಾಜಿಯಾಗಿ, ಟಿಬೆಟ್ಟಿನ ಮೇಲೆ ಚೀನಾದ ಅಧಿರಾಜತ್ವವನ್ನು ಒಪ್ಪಿಕೊಂಡವು. ಟಿಬೆಟ್ಟನ್ನು ಯಾರೂ ಕೇಳಲಿಲ್ಲ! 1910ರಲ್ಲಿ ಚೀನೀ ಪಡೆ ಲ್ಹಾಸಾಕ್ಕೆ ಬಂದಾಗ ಅವರು ಆಶ್ರಯ ಪಡೆದದ್ದು ಆ ಬ್ರಿಟಿಷರದೇ ಡಾರ್ಜಿಲಿಂಗಿನಲ್ಲಿ.

1913ರಲ್ಲಿ ಮರಳಿ ಸ್ವಾತಂತ್ರ್ಯ ಸಾರಿದ ಈ ಸಂನ್ಯಾಸಿ ದೊರೆ, ಕಾವಲಿಲ್ಲದೆ ಶಾಂತಿ ಉಳಿಯದೆಂದರಿತು ಸೇನೆ ಕಟ್ಟಹೊರಟರು. ಅದರ ವೆಚ್ಚ ತಮ್ಮ ಭೂಮಿಕಾಣಿಯ ಮೇಲೆ ಬಿದ್ದೀತೆಂದು ದೊಡ್ಡ ಮಠಗಳು ವಿರೋಧಿಸಿದವು. ಸೆರಾ ಅವುಗಳಲ್ಲೊಂದು. ಯತ್ನ ಕುಂದಿತು. ಆ ಸೇನೆ ಮುಂದೆ ಚೀನಾವನ್ನು ತಡೆಯುತ್ತಿತ್ತೆಂದು ನಾನು ಹೇಳಲಾರೆ. ಆದರೆ 1932ರಲ್ಲಿ ಅವರು ಬರೆದ ಎಚ್ಚರಿಕೆಯ ಪತ್ರದಲ್ಲಿ, ಮಠಗಳೇ ನಾಶವಾಗುವ ಕಾಲ ಬಂದೀತೆಂಬ ಮುನ್ಸೂಚನೆ ಇತ್ತು. ಮರುವರ್ಷ ಅವರು ತೀರಿಕೊಂಡರು.

1950ರಲ್ಲಿ ಚೀನೀ ಸೇನೆ ಮತ್ತೆ ಒಳಹೊಕ್ಕಿತು. 1959ರಲ್ಲಿ ಹದಿನಾಲ್ಕನೆಯ ಲಾಮಾ ಭಾರತಕ್ಕೆ ಬಂದರು. ಮೈಸೂರು ಸರ್ಕಾರ ಕೊಟ್ಟ ಬೈಲಕುಪ್ಪೆಯ ಕಾಡುನೆಲವನ್ನು 1960ರಿಂದ ನಿರಾಶ್ರಿತರು ಕಡಿದು ಹಸನುಮಾಡಿದರು. ಆ ನೆಲದಲ್ಲೇ ಸೆರಾ ಮತ್ತೆ ತಲೆಯೆತ್ತಿತು.